ಜಪಾನಿ ಗೊಂಬೆಯ ಬಲಪಟ್ಟಿ

ನನ್ನ ಹೊಲಿಗೆ ಮಿಷನ್ನಿನ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ, ಒಂದು ಗೊಂಬೆ ನಿಂತಿದೆ. ಅದರ ಮೈಮೇಲೆ ಬಟ್ಟೆಯಿಲ್ಲ. ನೀರಿನ ಬಾಟಲಿಗೆ ಹಳೆಯ ಪೇಪರು ಸುತ್ತಿ ಮಾಡಿದ ಮೈ. ಯಾವುದೋ ಟೆಂಡರ್ ಪ್ರಕಟಣೆಯನ್ನು ಅದರ ಹೊಟ್ಟೆಯ ಮೇಲೆ ಈಗಲೂ ಓದಬಹುದು. ತಲೆ ಎಂದರೆ ಒಂದು ಸಿಪ್ಪೆಗೋಟು, ಸಿಪ್ಪೆಯ ಸಮೇತ ಒಣಗಿದ ಅಡಕೆ. ಅದಕ್ಕೆ ಬಿಳಿ ಬಣ್ಣ ಬಳಿದು, ಕಪ್ಪು ಉಲ್ಲನ್ನಿನ ತುರುಬು ಅಂಟಿಸಿ, ಕಣ್ಣಿಗೆಂದು ಎರಡು ಗೆರೆ ಎಳೆದಿದೆ. ಜಪಾನಿನ ಹೆಂಗಸು. ತೀರ್ಥಹಳ್ಳಿಯಲ್ಲಿ ಹುಟ್ಟಿದ ತಪ್ಪಿಗೆ ಅವಳಿಗೂ ಅಡಕೆಯೇ ಗತಿಯಾಯಿತು.

ರವಿಕೆ ಹೊಲಿಸಲು ಬರುವವರು ಅಳತೆ ಕೊಡಲು ಕೈಯೆತ್ತಿ ನಿಂತಾಗ ಅವರ ಕಣ್ಣು ಸೀದಾ ಅದರ ಮೇಲೆಯೇ ಬೀಳುತ್ತದೆ. "ಟೀಚರೇ, ಊರಿಗೆಲ್ಲ ಹೊಲೀತೀರಿ, ಇದಕ್ಕೊಂದು ತುಂಡು ಬಟ್ಟೆ ಸಿಗ್ಲಿಲ್ವಾ?" ಎಂದು ಕೇಳದೆ ಹೋದವರು ಕಡಿಮೆ. ಒಗೆಯಲು ಹಾಕಿದ್ದೇನೆ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಟೇಪು ಎಳೆದು ಅವರ ಸೊಂಟದ ಅಳತೆಯನ್ನು ಸ್ವಲ್ಪ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಗೊಂಬೆಯ ಮಾತು ಬರುವುದಿಲ್ಲ.

ನಿಮ್ಮ ಹತ್ತಿರ ಹಾಗೆ ಜಾರಿಕೊಳ್ಳುವಂತಿಲ್ಲ. ಆದರೆ ಒಂದು ವಿಷಯವನ್ನು ನೇರವಾಗಿ ಹೇಳಿ ಮುಗಿಸುವುದು ನನ್ನಿಂದಾಗದ ಕೆಲಸ. ಹೊಸನಗರದ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು ನಾನು. ವರ್ಷಗಟ್ಟಲೆ ಹೆಣ್ಣುಮಕ್ಕಳಿಗೆ ಕಾಜಾ, ಹೆಮ್ಮಿಂಗು, ತೇಪೆ ಕಲಿಸಿದೆ. ಹೊಲಿಗೆ ಎನ್ನುವುದು ಪರೀಕ್ಷೆಗಿಲ್ಲದ ವಿಷಯ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ನಾನು ನನ್ನ ಪೀರಿಯಡ್ಡನ್ನು ಅವರಿಗೆ ಬಿಟ್ಟುಕೊಟ್ಟು ಸ್ಟಾಫ್ ರೂಮಿಗೆ ಹೋಗಿ ಹೆಡ್ ಮಾಸ್ಟರರ ಕೊಡೆಗೆ ಹೊಲಿಗೆ ಹಾಕುತ್ತಿದ್ದೆ. ಹೆಮ್ಮಿಂಗು ಮಾಡುವವರು ಎಳೆ ಮುಂದೆ ಕಾಣದ ಹಾಗೆ ಹಿಂದಿನಿಂದ ಸೂಜಿ ಎತ್ತಬೇಕು. ಮಾತಿನಲ್ಲೂ ನನಗೆ ಅದೇ ಅಭ್ಯಾಸವಾಗಿಬಿಟ್ಟಿದೆ. ರಿಟೈರಾದ ಮೇಲೆ ತೀರ್ಥಹಳ್ಳಿಗೆ, ತಮ್ಮ ರಘುವಿನ ಮನೆಗೆ ಬಂದೆ. ಮದುವೆ ಯಾಕಾಗಲಿಲ್ಲ ಎಂಬುದು ಇಲ್ಲಿ ಬೇಡ. ಅದಕ್ಕೂ ಗೊಂಬೆಗೂ ಸಂಬಂಧವಿಲ್ಲ.

ನಮ್ಮ ಕಾಲಕ್ಕೆ ಪ್ರಾಜೆಕ್ಟು ಎಂಬ ಶಬ್ದವೇ ಇರಲಿಲ್ಲ. ನಮ್ಮ ಹುಟ್ಟೂರು ಅರಳಸುರಳಿಯ ಶಾಲೆಯಲ್ಲಿ ಶನಿವಾರ ಬಂತೆಂದರೆ ಒಬ್ಬೊಬ್ಬರು ಒಂದೊಂದು ಮುದ್ದೆ ಸಗಣಿ ತರಬೇಕಿತ್ತು, ನೆಲ ಸಾರಿಸಲು. ಅದರಲ್ಲಿ ಅಪ್ಪ ಅಮ್ಮ ಕೈಹಾಕುವಂಥದ್ದು ಏನೂ ಇರಲಿಲ್ಲ. ಸಹಾಯವೇನಿದ್ದರೂ ದನದಿಂದಲೇ ಆಗಬೇಕಿತ್ತು. ಈಗ ಮಗುವಿಗೆ ಪ್ರಾಜೆಕ್ಟು ಕೊಟ್ಟರೆಂದರೆ ಇಡೀ ಮನೆಗೆ ಕೊಟ್ಟರೆಂದೇ ಲೆಕ್ಕ. ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟೇಷನರಿ ಅಂಗಡಿಯ ಮುಂದೆ ಸಂಜೆ ಹೋಗಿ ನಿಂತು ನೋಡಿ. ಆಫೀಸಿನಿಂದ ಬಂದ ಅಪ್ಪಂದಿರು, ಒಲೆ ಆರಿಸಿ ಬಂದ ಅಮ್ಮಂದಿರು, "ಸೌರವ್ಯೂಹ ಇದ್ಯಾ?", "ನಮಗೊಂದು ಜೀರ್ಣಾಂಗ ಕೊಡಿ" ಎಂದು ಕೈಚಾಚಿ ನಿಂತಿರುತ್ತಾರೆ. ಜೀರ್ಣಾಂಗ ಖಾಲಿಯಾಗಿದೆ, ಶಿವಮೊಗ್ಗದಿಂದ ನಾಳೆ ಬರುತ್ತದೆ ಎಂದು ಅಂಗಡಿಯವನು ಸಮಾಧಾನ ಹೇಳುತ್ತಾನೆ.

ರಘುವಿನ ಮಗಳು ಧಾತ್ರಿ ನಾಲ್ಕನೇ ಕ್ಲಾಸು. ಅವಳ ಶಾಲೆಯಲ್ಲಿ ವಸ್ತುಪ್ರದರ್ಶನ ಎಂದು ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿದರು. ಆ ದೇಶದ ಸಂಸ್ಕೃತಿಯನ್ನು ತೋರಿಸುವ ಏನನ್ನಾದರೂ ಕೈಯಲ್ಲಿ ಮಾಡಿ ತರಬೇಕು, ಅಂಗಡಿಯದ್ದು ಕೂಡದು. ಧಾತ್ರಿಯ ಪಾಲಿಗೆ ಜಪಾನ್ ಬಂತು. ಜಪಾನಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹಳೆಯ ಮಿಷನ್ನುಗಳ ಬಾಬಿನ್ ಕೇಸಿನ ಮೇಲೆ ಆ ಹೆಸರು ಕೊರೆದಿದ್ದರೆ ಅದು ಬೇಗ ಸವೆಯುವುದಿಲ್ಲ. ಬಾಬಿನ್ ಕೇಸನ್ನು ಸಂಸ್ಕೃತಿ ಎಂದು ಪ್ರದರ್ಶನಕ್ಕೆ ಇಡುವಂತಿರಲಿಲ್ಲ. ಅಡಕೆ ಹಾಳೆಯ ಬೀಸಣಿಗೆ ಮಾಡಿ ಅದರ ಮೇಲೆ ಹೂವು ಬರೆಯೋಣ ಎಂದೆ. ಧಾತ್ರಿ ತಲೆಯಾಡಿಸಿದಳು.

"ಗೊಂಬೆ," ಎಂದಳು. "ಉದ್ದ ಬಟ್ಟೆ ಹಾಕ್ಕೊಂಡ ಹೆಂಗಸಿನ ಗೊಂಬೆ."

ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಯಾಕೆಂದರೆ ಎಷ್ಟೋ ತಿಂಗಳಿನಿಂದ ಆ ಮಗು ಇಂಥದ್ದು ಬೇಕು ಎಂದು ಒಂದು ಮಾತು ಆಡಿರಲಿಲ್ಲ.

ಇಲ್ಲಿ ಅವಳ ಅಮ್ಮನ ವಿಷಯ ಹೇಳಲೇಬೇಕು. ವೀಣಾ ಸಾಗರದ ಕಡೆಯವಳು. ನಮ್ಮ ಮನೆಗೆ ಬಂದು ನಮ್ಮ ಹಾಗೆಯೇ ಮಾತಾಡುತ್ತಿದ್ದರೂ ಫೋನಿನಲ್ಲಿ ಅವಳ ಅಮ್ಮ ಸಿಕ್ಕಿದರೆ ಸಾಕು, ತವರಿನ ಮಾತು ಬಾಯಿಗೆ ಬಂದುಬಿಡುತ್ತಿತ್ತು. ಬಂಗಾರದಂಥ ಹುಡುಗಿ, ಆದರೆ ಒಂದು ಹುಚ್ಚು: ಮ್ಯಾಚಿಂಗು. ಸೀರೆಗೆ ಸರಿಹೊಂದುವ ರವಿಕೆ ಇಲ್ಲದೆ ಅವಳು ಹಾಲಿನ ಅಂಗಡಿಗೂ ಹೋದವಳಲ್ಲ. ಒಮ್ಮೆ ವರದಹಳ್ಳಿಯ ಆಶ್ರಮಕ್ಕೆಂದು ಹೊರಟಿದ್ದೆವು. ಬಾಡಿಗೆ ಕಾರಿನವನು ಗೇಟಿನಲ್ಲಿ ಹಾರ್ನು ಹೊಡೆಯುತ್ತಿದ್ದಾನೆ, ರಘು ಬೆವರುತ್ತಿದ್ದಾನೆ, ಇವಳು ರವಿಕೆಯ ನೀಲಿ ಸೀರೆಯ ನೀಲಿಗಿಂತ ಒಂದು ಚೂರು ಮಾಸಲು ಎಂದು ವಾಪಸು ಹೋಗಿ ಸೀರೆಯನ್ನೇ ಬದಲಾಯಿಸಿ ಬಂದಳು. ಆಶ್ರಮದಲ್ಲಿ ಕಣ್ಣುಮುಚ್ಚಿ ಕೂತವರು ನಿನ್ನ ರವಿಕೆ ನೋಡುತ್ತಾರಾ ಮಾರಾಯ್ತಿ ಎಂದು ನಾನು ರೇಗಿದೆ. "ನಾ ನೋಡ್ಕೋತೀನಲ್ಲ ಅತ್ತಿಗೆ," ಎಂದಳು.

ಹಿಂದಿನ ಬೇಸಿಗೆಯಲ್ಲಿ ರಘು ಅವಳಿಗೊಂದು ರೇಷ್ಮೆ ಸೀರೆ ತಂದ. ಎಲೆಹಸಿರು ಮೈ, ಸಾಸಿವೆ ಬಣ್ಣದ ಅಂಚು. ಕಾಲೇಜಿನಲ್ಲಿ ಗುಮಾಸ್ತನಾಗಿರುವ ನನ್ನ ತಮ್ಮನಿಗೆ ಬಣ್ಣದ ವಿಷಯ ತಿಳಿಯುವುದಿಲ್ಲ ಎಂದೇ ನಾವು ಅಂದುಕೊಂಡಿದ್ದೆವು. ಆ ಸೀರೆಯನ್ನು ನೋಡಿ ನಾವಿಬ್ಬರೂ ಬೆರಗಾದೆವು. ವೀಣಾ ಅವತ್ತೇ ಸೆರಗಿನ ತುದಿಯ ಬ್ಲೌಸ್ ಪೀಸನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಆದರೆ ಹಿಂದಿನ ಕುತ್ತಿಗೆ ಯಾವ ಆಕಾರದ್ದು ಎಂದು ತೀರ್ಮಾನವಾಗಲಿಲ್ಲ. ಒಂದು ದಿನ ಫೋನಿನಲ್ಲಿ ಮಡಕೆಯ ಆಕಾರ ತೋರಿಸುವಳು, ಮಾರನೆಯ ದಿನ ದೋಣಿಯ ಆಕಾರ, ಇನ್ನೊಂದು ದಿನ ಗಂಟು ಕಟ್ಟಿ ಗೊಂಡೆ ಇಳಿಬಿಟ್ಟದ್ದು. ಕತ್ತರಿ ಹಿಡಿದು ಕೂತವಳು ನಾನು. ಹೇಳು ಮಾರಾಯ್ತಿ ಎಂದರೆ, "ತಡೀರಿ ಅತ್ತಿಗೆ, ನೋಡ್ತಿದೀನಿ," ಎನ್ನುವಳು. ಹಾಗೆ ನೋಡುತ್ತಿರುವಾಗಲೇ ಅವಳಿಗೆ ಜ್ವರ ಬಂತು. ಊರಿನ ಡಾಕ್ಟರ ಮಾತ್ರೆಗೆ ಇಳಿಯಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಅವಳು ಒಂದು ಬೆಳಿಗ್ಗೆ ಆಂಬುಲೆನ್ಸಿನಲ್ಲಿ ವಾಪಸು ಬಂದಳು, ಜೀವವಿಲ್ಲದೆ.

ಆಸ್ಪತ್ರೆಗೆ ಸೇರಿಸಿದ ದಿನವೇ ಧಾತ್ರಿಯನ್ನು ಸಾಗರದ ಅಜ್ಜಿಮನೆಗೆ ಕಳಿಸಿದ್ದೆವು. ಮಗುವಿಗೆ ಇದನ್ನೆಲ್ಲ ತೋರಿಸುವುದು ಬೇಡ ಎಂದು ಹಿರಿಯರು ಹೇಳಿದರು. ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಹಾಗೆಯೇ. ಕರ್ಮವೆಲ್ಲ ಮುಗಿದು ಬಂದವರೆಲ್ಲ ಹೋದ ಮೇಲೆ ಅವಳನ್ನು ಕರೆತಂದರು. ಅಮ್ಮ ದೇವರ ಹತ್ತಿರ ಹೋದಳು ಎಂದು ಯಾರೋ ಹೇಳಿದ್ದರಂತೆ. ಅವಳು ತಲೆಯಾಡಿಸಿದ್ದಳಂತೆ.

ಅಲ್ಲಿಂದ ಮುಂದೆ ಅವಳು ಏನನ್ನೂ ಕೇಳಲಿಲ್ಲ. ಏನಾಯ್ತು ಪುಟ್ಟಿ ಎಂದರೆ, ಅಜ್ಜಿಮನೆಯಿಂದ ಹೊತ್ತು ತಂದ ಮಾತಿನಲ್ಲಿ "ಎಂತೂ ಇಲ್ಲೆ" ಎನ್ನುವಳು. ತಟ್ಟೆಗೆ ಹಾಕಿದ್ದನ್ನು ಉಣ್ಣುವಳು, ಶಾಲೆಗೆ ಹೋಗುವಳು, ಹೋಮ್‌ವರ್ಕ್ ಮಾಡುವಳು. ಮಗು ಸುಧಾರಿಸಿಕೊಂಡಿದೆ ಎಂದು ಬಂದವರೆಲ್ಲ ಸಮಾಧಾನಪಟ್ಟರು. ನನಗೆ ಮಾತ್ರ ಹೆದರಿಕೆಯಾಗುತ್ತಿತ್ತು. ಮಕ್ಕಳ ನಡುವೆ ಆಯುಷ್ಯ ಕಳೆದವಳು ನಾನು. ಬಿದ್ದು ಮಂಡಿ ತರಚಿಕೊಂಡು ಅಳುವ ಹುಡುಗಿಯ ಬಗ್ಗೆ ಚಿಂತೆಯಿಲ್ಲ. ಬಿದ್ದವಳು ಲಂಗ ಕೊಡವಿಕೊಂಡು ಸುಮ್ಮನೆ ಬಂದು ಬೆಂಚಿನಲ್ಲಿ ಕೂತರೆ, ಅವಳ ಕಾಲನ್ನು ಎತ್ತಿ ನೋಡಬೇಕು. ಆದರೆ ನೋಡುವ ದಾರಿಯನ್ನು ರಘು ಮುಚ್ಚಿಬಿಟ್ಟಿದ್ದ. ಅವಳ ಎದುರು ಆ ಮಾತು ಬೇಡ ಅಕ್ಕ, ನನ್ನ ಕೈಲಾಗಲ್ಲ ಎಂದು ಕೈಮುಗಿದಿದ್ದ. ವೀಣಾಳ ಹೆಸರು ಬಂದರೆ ಎದ್ದು ಅಂಗಳಕ್ಕೆ ಹೋಗಿ ಬೈಕು ಒರೆಸಲು ತೊಡಗುತ್ತಿದ್ದ. ನಮ್ಮ ಬೀದಿಯಲ್ಲಿ ಅಷ್ಟು ಹೊಳೆಯುವ ಬೈಕು ಇನ್ನೊಂದಿರಲಿಲ್ಲ.

ತಿಂಗಳಿಗೊಮ್ಮೆ ವೀಣಾಳ ಮಾಸಿಕ ಶ್ರಾದ್ಧ ಮಾಡಿಸಲು ಭಟ್ಟರು ಮನೆಗೆ ಬರುತ್ತಿದ್ದರು. ಒಳಗೆ ರಘು ಪಿಂಡದ ಮುಂದೆ ಕೂತಿದ್ದರೆ ಧಾತ್ರಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಹಾಗೆ ಕದ್ದು ನೋಡುವುದು ನಮ್ಮ ವಂಶಕ್ಕೆ ಹೊಸದಲ್ಲ. ಅರಳಸುರಳಿಯಲ್ಲಿ ಅಜ್ಜಿಯ ತಿಥಿಯ ದಿನ ರಘು ಮತ್ತು ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು ವಡೆಗೆ ಮಾತ್ರವಲ್ಲ. ಅಪ್ಪನ ಜನಿವಾರ ಯಾವಾಗಲೂ ಎಡಭುಜದ ಮೇಲಿರುತ್ತಿತ್ತು. ಸತ್ತವರಿಗೆ ಕೊಡುವ ಹೊತ್ತಿಗೆ ಭಟ್ಟರು "ಅಪಸವ್ಯ" ಎನ್ನುತ್ತಲೇ ಅಪ್ಪ ಅದನ್ನು ಬಲಭುಜಕ್ಕೆ ದಾಟಿಸುತ್ತಿದ್ದ. "ಸವ್ಯ" ಎಂದಾಗ ಮತ್ತೆ ಎಡಕ್ಕೆ. ಆ ದಾಟಿಸುವ ಗತ್ತು ನಮಗೆ ಬಹಳ ಹಿಡಿಸಿತ್ತು. ಕೊಟ್ಟಿಗೆಯ ಹಿಂದೆ ನಾವೂ ತಿಥಿಯ ಆಟ ಆಡುತ್ತಿದ್ದೆವು. ಬಾಳೆನಾರಿನ ಜನಿವಾರ, ಮಣ್ಣಿನ ಪಿಂಡ, ಕಾಗೆಯ ಪಾತ್ರ ನನ್ನದು. ಒಂದು ದಿನ ರಘು ನಾರನ್ನು ಬಲಭುಜಕ್ಕೆ ದಾಟಿಸಿ ಗಂಭೀರವಾಗಿ ನನ್ನನ್ನು ಕರೆಯುತ್ತಿದ್ದಾಗ ಅಜ್ಜ ಬಂದರು. ಕೈಯಲ್ಲಿದ್ದ ಕೋಲಿನಿಂದ ಅವನ ಬೆನ್ನಿಗೆ ಬಿಗಿದು, ಮನೆಯಲ್ಲಿ ಎಲ್ಲ ಗಟ್ಟಿಯಾಗಿರುವಾಗ ಆ ಭುಜಕ್ಕೆ ಹಾಕಬಾರದು ಎಂದು ನಡುಗುವ ದನಿಯಲ್ಲಿ ಹೇಳಿದರು. ನನಗೆ ಪೆಟ್ಟು ಬೀಳಲಿಲ್ಲ. ಕಾಗೆಗೆ ಹೊಡೆಯುವಂತಿಲ್ಲ ಎಂದೋ ಏನೋ.

ಈಗ ಅದೇ ರಘು ಅದೇ ಭುಜಕ್ಕೆ ಹಾಕಿಕೊಂಡು ಕೂತಿರುವುದನ್ನು ನೋಡಿದಾಗ ನಾನು ಅಡಿಗೆಮನೆಗೆ ಹೊರಟುಹೋಗುತ್ತಿದ್ದೆ. ಆಟವಾಡಿ ಪೆಟ್ಟು ತಿಂದವನಿಗೆ ಇಷ್ಟು ಬೇಗ, ಹೆಂಡತಿಗಾಗಿ, ಅದು ನಿಜವಾಗಬಾರದಿತ್ತು.

ಗೊಂಬೆಗೆ ಬರುತ್ತೇನೆ. ಮೈ, ತಲೆ, ತುರುಬು ಆಯಿತು. ಬಟ್ಟೆಗೆ ನನ್ನ ತುಂಡುಬಟ್ಟೆಯ ಚೀಲವನ್ನು ನೆಲಕ್ಕೆ ಸುರಿದೆವು. ಹೊಲಿಗೆಯವರ ಮನೆಯ ತುಂಡುಬಟ್ಟೆಯ ಚೀಲದಲ್ಲಿ ಊರಿನ ಅರ್ಧ ಮದುವೆಗಳು ಇರುತ್ತವೆ. ಇದು ಪೋಸ್ಟಾಫೀಸಿನವರ ಮಗಳ ನಿಶ್ಚಿತಾರ್ಥದ್ದು, ಇದು ಮೂಲೆಮನೆಯವರು ಕಡಿಮೆ ಬಟ್ಟೆ ಕೊಟ್ಟು ಉದ್ದ ತೋಳು ಕೇಳಿದ್ದು ಎಂದು ನಾನು ಕಥೆ ಹೇಳುತ್ತಾ ಕೂತಿದ್ದೆ. ಧಾತ್ರಿಯ ಕೈ ಚೀಲದ ತಳಕ್ಕೆ ಹೋಯಿತು. ಅಲ್ಲಿ, ಯಾರ ಕಣ್ಣಿಗೂ ಬೀಳದಿರಲಿ ಎಂದು ನಾನು ಮಡಚಿ ಇಟ್ಟಿದ್ದ ಎಲೆಹಸಿರು ಬ್ಲೌಸ್ ಪೀಸನ್ನು ಹೊರಗೆಳೆದಳು.

"ಇದು ಅಮ್ಮಂದು," ಎಂದಳು. ಸಾಗರದಿಂದ ಬಂದ ಮೇಲೆ ಅವಳ ಬಾಯಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲು. ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು. "ಇದರ ಸೀರೆ ಎಲ್ಲಿದೆ ಅತ್ತೆ?"

ನಮ್ಮಲ್ಲಿ ಮುತ್ತೈದೆಯನ್ನು ಹೊಸ ಸೀರೆ ಉಡಿಸಿ ಕಳಿಸುವುದು ಪದ್ಧತಿ. ಅವತ್ತು ಮನೆಯಲ್ಲಿ ಇನ್ನೂ ಉಡದ ಹೊಸ ಸೀರೆ ಅದೊಂದೇ ಇತ್ತು. ಉಡಿಸಿದವಳು ನಾನೇ. ಆ ಸೀರೆ ಈಗ ಬೂದಿ. ಅದನ್ನು ಆ ಮಗುವಿಗೆ ಹೇಗೆ ಹೇಳುವುದು? ರಘು ಅಂಗಳದಲ್ಲೇ ಇದ್ದ. ಬೀರುವಿನಲ್ಲಿ ಎಲ್ಲೋ ಇರಬೇಕು ಎಂದೆ. ಅವಳು ಎದ್ದು ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿದ್ದು, ಒಂದೊಂದೇ ಸೀರೆಯನ್ನು ಸರಿಸಿದ್ದು ಇಲ್ಲಿಗೇ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಬಂದು ಮತ್ತೆ ನನ್ನ ಎದುರು ಕೂತಳು. ಸಿಕ್ಕಿತಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಗೊಂಬೆಗೆ ಇದೇ ಬಟ್ಟೆ ಆಗಬೇಕು ಎಂದಷ್ಟೇ ಹೇಳಿದಳು.

ಕತ್ತರಿ ತೆಗೆದೆ. ಸಾಸಿವೆ ಅಂಚು ಗೊಂಬೆಯ ಕಾಲ ಬಳಿ ಚೆನ್ನಾಗಿ ಬರಲಿ ಎಂದು ಬಟ್ಟೆಯನ್ನು ನಡುಮಧ್ಯಕ್ಕೆ ಕತ್ತರಿಸಿದೆ. ಧಾತ್ರಿ ಫೋನಿನಲ್ಲಿ ಚಿತ್ರ ತೋರಿಸಿದಳು: ಚೀಲದಂಥ ಉದ್ದ ತೋಳು, ಎದೆಯ ಮೇಲೆ ಒಂದರ ಮೇಲೊಂದು ಬರುವ ಎರಡು ಪಟ್ಟಿ, ನಡುವಿಗೆ ಅಗಲದ ಪಟ್ಟಿ, ಬೆನ್ನಿಗೆ ಗಂಟು. ಗುಂಡಿಯಿಲ್ಲ, ಹುಕ್ಕಿಲ್ಲ. ಇಷ್ಟೇ ತಾನೆ ಎಂದು ನಾನು ಕೂತು ಹೊಲಿದೆ. ಗಂಡಸರ ಅಂಗಿಗೆ ಎಡಪಟ್ಟಿ ಮೇಲೆ ಬರುತ್ತದೆ, ಹೆಂಗಸರ ರವಿಕೆಗೆ ಬಲಪಟ್ಟಿ ಮೇಲೆ. ಹೊಸನಗರದ ಹುಡುಗಿಯರಿಗೆ ನಾನು ಹೇಳಿಕೊಟ್ಟ ಮೊದಲ ಪಾಠವೇ ಅದು. ಗೊಂಬೆ ಹೆಂಗಸಾದ್ದರಿಂದ ಬಲಪಟ್ಟಿಯನ್ನು ಮೇಲೆ ತಂದು ನಡುಪಟ್ಟಿ ಬಿಗಿದೆ. ಚಿತ್ರದಲ್ಲಿ ಯಾವ ಪಟ್ಟಿ ಮೇಲಿದೆ ಎಂದು ನೋಡುವ ಅಗತ್ಯವೇ ಕಾಣಲಿಲ್ಲ. ಎಷ್ಟಾದರೂ ಹೊಲಿಗೆ ಟೀಚರಲ್ಲವೇ? ಜಪಾನಿನವರಿಗೆ ಬೇಕಾದರೆ ನಾನೇ ಹೇಳಿಕೊಡುತ್ತಿದ್ದೆ.

ಮಿಸ್ ನೋಡಿ ಒಪ್ಪಲಿ ಎಂದು ಪ್ರದರ್ಶನಕ್ಕೆ ಮೊದಲೇ ಧಾತ್ರಿ ಅದನ್ನು ಶಾಲೆಗೆ ತೆಗೆದುಕೊಂಡು ಹೋದಳು. ಸಂಜೆ ಬಂದವಳು ಬ್ಯಾಗನ್ನೂ ಇಳಿಸದೆ ಗೊಂಬೆಯನ್ನು ಮಿಷನ್ನಿನ ಮೇಲೆ ನಿಲ್ಲಿಸಿದಳು. ಬಟ್ಟೆ ತುಂಬಾ ಚೆನ್ನಾಗಿದೆ, ಆದರೆ ಉಡಿಸಿದ್ದು ತಪ್ಪಾಗಿದೆ ಎಂದು ಮಿಸ್ ಹೇಳಿದರಂತೆ. ಗಂಡಸಾಗಲಿ ಹೆಂಗಸಾಗಲಿ, ಅಲ್ಲಿಯವರು ಎಡಪಟ್ಟಿಯನ್ನೇ ಮೇಲೆ ತರುತ್ತಾರಂತೆ. ಬಲಪಟ್ಟಿ ಮೇಲೆ ಬರುವ ಹಾಗೆ ಉಡಿಸುವುದು ಸತ್ತವರಿಗೆ ಮಾತ್ರ, ಸುಡುವುದಕ್ಕೆ ಮೊದಲು. ಪ್ರದರ್ಶನಕ್ಕೆ ದೊಡ್ಡವರೆಲ್ಲ ಬರುತ್ತಾರೆ, ಸರಿ ಮಾಡಿಕೊಂಡು ಬಾ ಎಂದರಂತೆ.

ಆ ಹಸಿರು ಬಟ್ಟೆಯನ್ನು ನಾನು ಎರಡನೇ ಸಲವೂ ಸತ್ತವಳಿಗೇ ಉಡಿಸಿದ್ದೆ. ಒಂದು ಕ್ಷಣದ ಕೆಲಸ, ಈಗಲೇ ಬದಲಿಸಿಬಿಡೋಣ ಎಂದು ಗಡಿಬಿಡಿಯಲ್ಲಿ ನಡುಪಟ್ಟಿಯ ಗಂಟಿಗೆ ಕೈಹಾಕಿದೆ. ಧಾತ್ರಿ ಗೊಂಬೆಯ ಮೇಲೆ ಅಂಗೈ ಇಟ್ಟಳು.

"ಬೇಡ ಅತ್ತೆ. ಅಪ್ಪ ದಾರ ಆಚೆ ಭುಜಕ್ಕೆ ಹಾಕ್ಕೊಳ್ತಾನಲ್ಲ, ಅದೂ ಹೀಗೇನಾ?"

"ಹೂಂ. ಹೀಗೇ."

"ಆ ಸೀರೆ ಬೀರುವಲ್ಲಿಲ್ಲ. ನಾ ಎಲ್ಲ ತೆಗ್ದು ನೋಡ್ದೆ." ಗೊಂಬೆಯ ಅಂಚನ್ನು ಸವರಿದಳು. "ಅಮ್ಮಂಗೆ ಉಡ್ಸಿದ್ರಾ?"

ರಘು ಕೈಮುಗಿದದ್ದು ನೆನಪಿತ್ತು. ಆದರೆ ಮಗು ಕೊನೆಗೂ ಕಾಲು ಮುಂದೆ ಚಾಚಿ ಗಾಯ ತೋರಿಸುತ್ತಿತ್ತು. ಮುಖ ತಿರುಗಿಸಲು ನನ್ನಿಂದ ಆಗಲಿಲ್ಲ. ಹೌದು ಮಗಾ, ನಾನೇ ಉಡಿಸಿದೆ ಎಂದೆ. ಆಮೇಲೆ ಅವಳು ಒಂದೊಂದಾಗಿ ಕೇಳಿದಳು, ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಸ್ನಾನ ಯಾರು ಮಾಡಿಸಿದರು, ನೀರು ಬಿಸಿಯಿತ್ತೇ, ಕಣ್ಣು ಮುಚ್ಚಿತ್ತೇ, ಹೂವು ಯಾವುದು ಮುಡಿಸಿದಿರಿ, ಬಳೆ ತೆಗೆದಿರೇ. ಮಲಗಿದವರಿಗೆ ಸೀರೆ ಉಡಿಸುವುದು ಹೇಗೆ ಎಂದು ಕೇಳಿದಳು. ಬಹಳ ಕಷ್ಟ, ನೆರಿಗೆ ನಿಲ್ಲುವುದಿಲ್ಲ, ಒಬ್ಬರು ಎತ್ತಿ ಹಿಡಿಯಬೇಕು ಎಂದೆ. ಬೆಂಕಿ ಯಾರು ಇಟ್ಟದ್ದು ಎಂದಳು. ಅಪ್ಪ ಎಂದೆ. ಅದನ್ನೆಲ್ಲ ಅವಳು ಲೆಕ್ಕ ಕಲಿಯುವ ಮುಖ ಮಾಡಿಕೊಂಡು ಕೇಳಿಸಿಕೊಂಡಳು. ಕೊನೆಗೆ ಗೊಂಬೆಯ ತೋಳನ್ನು ಹಿಡಿದು ನೋಡಿದಳು.

"ಬ್ಲೌಸ್ ಯಾವ್ದು ಹಾಕಿದ್ರಿ? ಇದು ಹೊಲ್ದಿರ್ಲಿಲ್ಲಲ್ಲ."

"ಕೆಂಪು ಬ್ಲೌಸ್ ಹಾಕ್ದೆ ಮಗಾ. ಹಳೇದು."

"ಈ ಸೀರೆಗೆ ಕೆಂಪಾ?" ಎಂದಳು. "ಮ್ಯಾಚೇ ಆಗಲ್ಲ ಅತ್ತೆ. ಅಮ್ಮ ಹಾಗೆ ಹೋಗಲ್ಲ."

ಅಷ್ಟು ಹೇಳುವಷ್ಟರಲ್ಲಿ ಅವಳ ತುಟಿ ಸೊಟ್ಟಗಾಯಿತು. ಅಷ್ಟು ತಿಂಗಳು ಎಲ್ಲಿ ಇಟ್ಟುಕೊಂಡಿದ್ದಳೋ, ಮಿಷನ್ನಿನ ಹಲಗೆಗೆ ಹಣೆಯಿಟ್ಟು ಅತ್ತಳು. ನನಗೂ ಅವತ್ತು, ಆ ಕೆಂಪು ರವಿಕೆಯ ಹುಕ್ಕು ಹಾಕುವಾಗ, ಅದೇ ಚುಚ್ಚಿತ್ತು. ಇಷ್ಟು ದೊಡ್ಡ ದುಃಖದಲ್ಲಿ ಇಂಥ ಸಣ್ಣ ವಿಷಯ ಯಾರ ಹತ್ತಿರ ಆಡುವುದು ಎಂದು ನುಂಗಿಕೊಂಡಿದ್ದೆ. ಇವಳು ಆಡಿದಳು. ನಾನೂ ಅತ್ತುಬಿಟ್ಟೆ. ಅಷ್ಟರಲ್ಲಿ ಕಾಲೇಜಿನಿಂದ ಬಂದ ರಘು ಬಾಗಿಲಲ್ಲಿ ನಿಂತ. ಅಳುವ ಮಗಳನ್ನು ನೋಡಿದ, ಹಸಿರುಟ್ಟ ಗೊಂಬೆಯನ್ನು ನೋಡಿದ, ಅಂಗಳಕ್ಕೆ ಇಳಿದ. ಆದರೆ ಅವತ್ತು ಬೈಕು ಒರೆಸುವ ಸದ್ದು ಬರಲಿಲ್ಲ.

ಪ್ರದರ್ಶನಕ್ಕೆ ಗೊಂಬೆ ಹಾಗೆಯೇ ಹೋಯಿತು. ಮಿಸ್ ಬಗ್ಗಿ, ಯಾಕೆ ಸರಿ ಮಾಡಲಿಲ್ಲ ಪುಟ್ಟಾ ಎಂದು ಮೆಲ್ಲಗೆ ಕೇಳಿದರು. "ಇದು ಸತ್ತೋದವರ ಗೊಂಬೆ ಮಿಸ್. ಹೀಗೇ ಸರಿ," ಎಂದಳು ಧಾತ್ರಿ. ಚಿಕ್ಕ ವಯಸ್ಸಿನ ಆ ಮಿಸ್ ಧಾತ್ರಿಯ ತಲೆಯ ಮೇಲಿನಿಂದ ನನ್ನನ್ನು ನೋಡಿದರು. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿತ್ತು. ಆದರೆ ಅತಿಥಿಗಳು ಬರುವ ಹೊತ್ತಿಗೆ ಸತ್ತ ಹೆಂಗಸನ್ನು ಮುಂದಿನ ಸಾಲಿನಲ್ಲಿ ಇಡುವುದಾದರೂ ಹೇಗೆ? ಗೊಂಬೆ ಬ್ರೆಜಿಲ್ಲಿನ ಫುಟ್‌ಬಾಲಿನ ಹಿಂದಕ್ಕೆ ಸರಿಯಿತು. ಮೊದಲ ಬಹುಮಾನ ಐಸ್‌ಕ್ರೀಮ್ ಕಡ್ಡಿಗಳ ಪ್ಯಾರಿಸ್ ಗೋಪುರಕ್ಕೆ ಬಂತು. ಆ ಹುಡುಗನ ಅಪ್ಪ ಇಂಜಿನಿಯರು. ಚಪ್ಪಾಳೆ ಬಿದ್ದಾಗ ಮಗನಿಗಿಂತ ಮೊದಲು ಅವರೇ ಎದ್ದು ನಿಂತರು.

ಬೇಸಿಗೆ ಬಂತು. ವೀಣಾಳ ವರ್ಷಾಂತಿಕ. ಅದಕ್ಕೆ ಕೆಲವು ದಿನ ಮುಂಚೆ ಒಂದು ಮಧ್ಯಾಹ್ನ ಧಾತ್ರಿ ಗೊಂಬೆಯ ಬಟ್ಟೆಯನ್ನೆಲ್ಲ ಬಿಚ್ಚಿ, ತೋಳು, ಪಟ್ಟಿ, ನಡುವಿನ ಗಂಟು ಎಲ್ಲವನ್ನೂ ನನ್ನ ಮುಂದೆ ಸಾಲಾಗಿ ಹರಡಿದಳು. ಚೀಲದಿಂದ ಉಳಿದ ಹಸಿರು ತುಂಡನ್ನೂ ಆಯ್ದು ತಂದಿದ್ದಳು.

"ಇದೆಲ್ಲ ಸೇರ್ಸಿದ್ರೆ ಅಮ್ಮನ ಬ್ಲೌಸ್ ಆಗ್ತದಾ?"

ಬಟ್ಟೆಯನ್ನು ನಾನು ನಡುಮಧ್ಯಕ್ಕೆ ಕತ್ತರಿಸಿದ್ದೆ. ಸಾಲದು ಎಂದು ಹೇಳಬಹುದಿತ್ತು. ಆದರೆ ತೇಪೆ ಹಾಕುವುದನ್ನು ಊರಿನ ಹುಡುಗಿಯರಿಗೆಲ್ಲ ಕಲಿಸಿದವಳು ನಾನು. ಈಗ ಹಾಕದಿದ್ದರೆ ಆ ಸಂಬಳ ತಿಂದದ್ದು ಯಾಕೆ? ವೀಣಾಳ ಅಳತೆ ನನ್ನ ಬೆರಳಿಗೆ ಗೊತ್ತಿತ್ತು. ಬೆನ್ನಿಗೆ ಎರಡು ತುಂಡು ಕೂಡಿಸಿದೆ, ಕಂಕುಳಿಗೆ ಗೊಂಬೆಯ ತೋಳು ಬಿಚ್ಚಿ ಸೇರಿಸಿದೆ, ನಡುಪಟ್ಟಿಯ ಸಾಸಿವೆ ಅಂಚನ್ನು ತೋಳಿನ ತುದಿಗೆ ತಂದೆ. ಕುತ್ತಿಗೆಗೆ ಬಂದಾಗ ಕತ್ತರಿ ನಿಂತಿತು. ಮಡಕೆಯೋ, ದೋಣಿಯೋ, ಗಂಟೋ ಎಂದು ಧಾತ್ರಿಯನ್ನು ಕೇಳಿದೆ. ಸಾದಾ ರೌಂಡ್ ಎಂದಳು. ಅಮ್ಮ ಎಲ್ಲ ನೋಡಿ ನೋಡಿ ಕೊನೆಗೆ ಹೊಲಿಸುತ್ತಿದ್ದದ್ದು ಅದನ್ನೇ ಎಂದಳು. ನಿಜ. ಹುಕ್ಕು ಹಾಕಿದೆ, ಬಲಪಟ್ಟಿ ಮೇಲೆ. ಈ ಸಲ ಅದನ್ನು ತಪ್ಪೆನ್ನುವವರು ಜಪಾನಿನಲ್ಲೂ ಇರಲಿಲ್ಲ.

ವರ್ಷಾಂತಿಕಕ್ಕೆ ಧಾತ್ರಿಯನ್ನು ಈ ಸಲ ಯಾರ ಮನೆಗೂ ಕಳಿಸಲಿಲ್ಲ. ಪಿಂಡ ಬಿಡಲು ತುಂಗೆಗೆ ಇಳಿದಾಗ ಅವಳೂ ನಮ್ಮ ಜೊತೆ ಬಂದಳು, ಎದೆಗೆ ಒಂದು ಪೇಪರಿನ ಪೊಟ್ಟಣ ಹಿಡಿದುಕೊಂಡು. ನೀರು ಇಳಿದು ಹೊಳೆಯ ನಡುವಿನ ಕಲ್ಲುಗಳು ಕಾಣುತ್ತಿದ್ದವು. ರಘು ಒದ್ದೆ ಪಂಚೆಯಲ್ಲಿ, ಜನಿವಾರವನ್ನು ಬಲಭುಜಕ್ಕೆ ಹಾಕಿಕೊಂಡು, ಪಿಂಡ ಬಿಟ್ಟ. ಆಗ ಧಾತ್ರಿ ಪೊಟ್ಟಣ ಬಿಚ್ಚಿ ನೀರಿನ ಅಂಚಿಗೆ ಬಂದಳು. ಭಟ್ಟರು ಕೈ ಅಡ್ಡ ಹಿಡಿದರು. ಒಳ್ಳೆಯ ಮನುಷ್ಯ ಅವರು. ಬಟ್ಟೆಯನ್ನೆಲ್ಲ ಹೊಳೆಗೆ ಬಿಡುವಂತಿಲ್ಲ ಮಗೂ, ಮೇಲೆ ಬೋರ್ಡು ಹಾಕಿದ್ದಾರೆ ಎಂದರು. ಅದು ಸರಿಯಾದ ಮಾತೇ. ಧಾತ್ರಿ ನನ್ನ ಮುಖ ನೋಡಿದಳು. ನಾನು ರಘುವಿನ ಮುಖ ನೋಡಿದೆ.

ರಘು ಅವಳ ಕೈಯಿಂದ ರವಿಕೆಯನ್ನು ತೆಗೆದುಕೊಂಡ. ಬಿಡಿಸಿ ನೋಡಿದ. ಹಸಿರು, ಸಾಸಿವೆ ಅಂಚು, ಬೆನ್ನಿನ ತೇಪೆ. ಹೆಬ್ಬೆರಳಿನಿಂದ ಒಂದು ತೇಪೆಯನ್ನು ಸವರಿದ.

"ಒಂದ್ಸಲ ಬಿಡ್ಲಿ ಭಟ್ರೇ," ಎಂದ. "ಇದರ ಸೀರೆ ಅವಳ ಹತ್ರ ಇದೆ."

ಒಂದು ವರ್ಷದಲ್ಲಿ ಮಗಳ ಎದುರು ಅವನು ಅವಳಮ್ಮನ ಬಗ್ಗೆ ಆಡಿದ ಮೊದಲ ಮಾತು ಅದು. ಭಟ್ಟರು ಮುಖ ಆಚೆ ಮಾಡಿ ತಂಬಿಗೆ ತೊಳೆಯತೊಡಗಿದರು. ಅಪ್ಪ ಮಗಳು ಬಗ್ಗಿ ರವಿಕೆಯನ್ನು ನೀರಿಗೆ ಬಿಟ್ಟರು. ಅದು ಹೋಗುವ ಹಾಗೆ ಮಾಡಿ, ಒಂದು ತೋಳು ಕಲ್ಲಿಗೆ ಸಿಕ್ಕಿಕೊಂಡು ನಿಂತಿತು. ರಘು ಮೊಣಕಾಲಿನವರೆಗೆ ನೀರಿಗಿಳಿದು ಬಿಡಿಸಿದ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಅವನು ಅಳುತ್ತಿದ್ದ.

ಭಟ್ಟರು "ಸವ್ಯ" ಎಂದರು. ರಘುವಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಎಂದರು. ಧಾತ್ರಿ ನೀರಿನಲ್ಲಿ ನಡೆದು ಹೋಗಿ ಅಪ್ಪನ ಎದುರು ನಿಂತಳು. ಅವನ ಜನಿವಾರವನ್ನು ಬಲಭುಜದಿಂದ ಎತ್ತಿ, ತಲೆಯ ಮೇಲಿನಿಂದ ದಾಟಿಸಿ, ಎಡಭುಜಕ್ಕೆ ಹಾಕಿದಳು.